ಹರಿಯದ ಹೋಳಿಗೆ: ಹಬ್ಬದ ಹಿಂದಿನ ಸಂಜೆಯಿಂದ ಊಟದ ಎಲೆಯವರೆಗೆ ಸಮಗ್ರ ಮಾರ್ಗದರ್ಶಿ

ಯುಗಾದಿಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಅಳಲನ್ನು ಹೊತ್ತಿರುತ್ತವೆ: ಹೋಳಿಗೆ ಕಾವಲಿಯ ಮೇಲೆ ಹರಿಯುತ್ತಿದೆ, ಹೂರಣ ಹೊರಬಂದು ಸೀಯುತ್ತಿದೆ, ಮನೆಯವರೆಲ್ಲ ಊಟಕ್ಕೆ ಕೂರುವ ಹೊತ್ತಾಗಿದೆ. ವಿಡಿಯೊದಲ್ಲಿ ತೋರಿಸಿದಂತೆಯೇ ಮಾಡಿದೆವು ಎಂದು ಎಲ್ಲರೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಹೇಳಬಹುದಾದದ್ದು ಬಹಳ ಕಡಿಮೆ, ಏಕೆಂದರೆ ಕಾವಲಿಯ ಮೇಲೆ ಕಾಣಿಸಿದ ಆ ಬಿರುಕು ಹುಟ್ಟಿದ್ದು ಹಿಂದಿನ ಸಂಜೆ ಬೇಳೆ ಬೇಯಿಸಿದ ಪಾತ್ರೆಯಲ್ಲಿ, ಇಲ್ಲವೇ ಅಂದು ಬೆಳಿಗ್ಗೆ ಅವಸರದಲ್ಲಿ ಕಲಸಿದ ಕಣಕದಲ್ಲಿ. ಆದ್ದರಿಂದ ಇಲ್ಲಿ ತಟ್ಟುವ ಕೌಶಲಕ್ಕಿಂತ ಅದಕ್ಕೆ ಮೊದಲಿನ ಹದಗಳ ಬಗ್ಗೆ ಹೆಚ್ಚು ವಿವರವಾಗಿ ಬರೆದಿದ್ದೇನೆ. ಕೆಳಗಿನ ಅಳತೆ ಆರು ಜನರ ಊಟಕ್ಕೆ ಸಾಲುವ ಸುಮಾರು 20 ಹೋಳಿಗೆಗಳದು.

ಹಂತ 1: ವಿಡಿಯೊವನ್ನು ಅಡುಗೆಗೆ ಮೊದಲೇ ನೋಡಿ ಮುಗಿಸುವುದು

ಅಡುಗೆಮನೆಯಲ್ಲಿ ಫೋನನ್ನು ಡಬ್ಬಿಗೆ ಒರಗಿಸಿ, ವಿಡಿಯೊ ನೋಡುತ್ತಲೇ ಹೋಳಿಗೆ ಮಾಡಲು ಹೊರಡಬೇಡಿ. ಎರಡು ದಿನ ಮೊದಲೇ ಕೊನೆಯವರೆಗೂ ನೋಡಿ, ಒಂದು ಕಾಗದದಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಅವರು ಬಳಸಿದ ಬೇಳೆ ಯಾವುದು, ಅಳತೆಯ ಬಟ್ಟಲು ಎಷ್ಟು ದೊಡ್ಡದು, ಕಣಕವನ್ನು ಎಷ್ಟು ಹೊತ್ತು ನೆನೆಯಲು ಬಿಟ್ಟರು, ಹೂರಣವನ್ನು ಬೆಲ್ಲ ಹಾಕುವ ಮೊದಲು ರುಬ್ಬಿದರೋ ನಂತರ ರುಬ್ಬಿದರೋ. ಎಂಟು ನಿಮಿಷದ ವಿಡಿಯೊದಲ್ಲಿ ಮೂರು ಗಂಟೆಯ ಕಾಯುವಿಕೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ, ಮತ್ತು ನೋಡುವವರು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಆ ವಾಕ್ಯವನ್ನೇ.

ಇನ್ನೊಂದು ದೊಡ್ಡ ತಪ್ಪೆಂದರೆ ಒಬ್ಬರ ಕಣಕವನ್ನು ಇನ್ನೊಬ್ಬರ ಹೂರಣದೊಂದಿಗೆ ಕೂಡಿಸುವುದು. ಉತ್ತರ ಕರ್ನಾಟಕದ ಹೋಳಿಗೆಯಲ್ಲಿ ಸಾಮಾನ್ಯವಾಗಿ ಕಡಲೆಬೇಳೆಯ ಹೂರಣವಿರುತ್ತದೆ, ಕಣಕಕ್ಕೆ ಗೋಧಿ ಹಿಟ್ಟು ಬೀಳುವುದೂ ಉಂಟು. ಬೆಂಗಳೂರು, ಮೈಸೂರು ಕಡೆಯ ಒಬ್ಬಟ್ಟು ಹೆಚ್ಚಾಗಿ ತೊಗರಿಬೇಳೆಯದು. ಅದರ ಮೈದಾ ಮತ್ತು ಚಿರೋಟಿ ರವೆಯ ಕಣಕ ತುಂಬ ಸಡಿಲವಾಗಿರುತ್ತದೆ. ಎರಡೂ ಒಳ್ಳೆಯ ಪದ್ಧತಿಗಳೇ, ಆದರೆ ಲಟ್ಟಿಸುವ ಗೋಧಿ ಕಣಕದೊಳಗೆ ಕೈಯಲ್ಲಿ ತಟ್ಟಲೆಂದು ಮಾಡಿದ ಮೆತ್ತನೆಯ ಹೂರಣವನ್ನು ತುಂಬಿದರೆ ಅಂಚು ಒಡೆಯದೆ ಇರುವುದಿಲ್ಲ. ಒಂದು ಪದ್ಧತಿಯನ್ನು ಆರಿಸಿಕೊಂಡ ಮೇಲೆ ಕೊನೆಯವರೆಗೂ ಅದರಲ್ಲೇ ನಡೆಯಿರಿ. ನಾನು ಇಲ್ಲಿ ತೊಗರಿಬೇಳೆಯ ಪದ್ಧತಿಯನ್ನು ವಿವರಿಸುತ್ತೇನೆ.

ಹಂತ 2: ಸಾಮಗ್ರಿ ಮತ್ತು ಸಲಕರಣೆ

ಹೂರಣಕ್ಕೆ 250 ಗ್ರಾಂ ತೊಗರಿಬೇಳೆ, 225 ಗ್ರಾಂ ಪುಡಿ ಮಾಡಿದ ಬೆಲ್ಲ, ಅರ್ಧ ಬಟ್ಟಲು ತೆಂಗಿನ ತುರಿ, ಐದಾರು ಏಲಕ್ಕಿ ಬೇಕು. ಕಣಕಕ್ಕೆ 250 ಗ್ರಾಂ ಮೈದಾ, 50 ಗ್ರಾಂ ಚಿರೋಟಿ ರವೆ, ಕಾಲು ಚಮಚ ಅರಿಶಿನ, ಚಿಟಿಕೆ ಉಪ್ಪು, ನಾಲ್ಕರಿಂದ ಐದು ದೊಡ್ಡ ಚಮಚ ಎಣ್ಣೆ. ಬೇಯಿಸುವಾಗ ಹಚ್ಚಲು ತುಪ್ಪ ಬೇರೆ.

ಸಲಕರಣೆಗಳಲ್ಲಿ ದಪ್ಪ ತಳದ ಅಗಲ ಬಾಣಲೆ, ತೂತಿರುವ ಬಸಿಯುವ ಪಾತ್ರೆ, ದಪ್ಪ ಕಬ್ಬಿಣದ ಕಾವಲಿ ಮತ್ತು ಅಗಲವಾದ ಮಗುಚುವ ಕೈ ಇರಲೇಬೇಕು. ತಟ್ಟಲು ಬಾಳೆ ಎಲೆಯೋ ಬಟರ್ ಪೇಪರೋ ಸಾಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆಯನ್ನು ಬಳಸುವವರು ಹೋಳಿಗೆಯನ್ನು ಅಂಗೈಗೆ ವರ್ಗಾಯಿಸಿಕೊಂಡೇ ಕಾವಲಿಗೆ ಹಾಕಬೇಕು; ಹಾಳೆಯನ್ನು ಬಿಸಿ ಕಾವಲಿಯ ಮೇಲೆ ಮಗುಚಿದರೆ ಅದು ಕರಗಿ ಹೋಳಿಗೆಗೆ ಅಂಟಿಕೊಳ್ಳುತ್ತದೆ. ಅಡುಗೆಮನೆಯ ಸಣ್ಣ ತಕ್ಕಡಿಯೊಂದಿದ್ದರೆ ಮೊದಲ ಸಲ ಮಾಡುವವರಿಗೆ ಬಹಳ ಅನುಕೂಲ.

ವಿದೇಶದಲ್ಲಿರುವವರಿಗೆ ಎರಡು ಮಾತು. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಎಣ್ಣೆ ಸವರಿದ ತೊಗರಿಬೇಳೆಯೂ ಸಿಗುತ್ತದೆ. ಅದನ್ನು ಬಿಸಿನೀರಿನಲ್ಲಿ ಮೂರು ನಾಲ್ಕು ಸಲ ಉಜ್ಜಿ ತೊಳೆಯದಿದ್ದರೆ ಹೂರಣಕ್ಕೂ ಸಾರಿಗೂ ಎಣ್ಣೆಯ ವಾಸನೆ ಬರುತ್ತದೆ. ಮೈದಾ ಸಿಗದಿದ್ದರೆ ಆಲ್ ಪರ್ಪಸ್ ಹಿಟ್ಟು ನಡೆಯುತ್ತದೆ, ಆದರೆ ಸೆಲ್ಫ್ ರೈಸಿಂಗ್ ಎಂದು ಬರೆದಿರುವ ಹಿಟ್ಟನ್ನು ಮುಟ್ಟಬೇಡಿ. ಅದರಲ್ಲಿ ಬೇಕಿಂಗ್ ಪೌಡರ್ ಸೇರಿರುತ್ತದೆ, ಕಣಕ ಎಳೆಯಾಗಿ ಹಿಗ್ಗುವುದಿಲ್ಲ.

ಹಂತ 3: ಬೇಳೆ ಬೇಯಿಸುವುದು (ಹಿಂದಿನ ದಿನ ಸಂಜೆ)

ಹತ್ತರಲ್ಲಿ ಆರು ಸಲ ಹೋಳಿಗೆ ಕೆಡುವುದು ಇಲ್ಲಿ ಎಂಬುದು ನನ್ನ ಅನುಭವ. ಬೇಳೆಯನ್ನು ಕುಕ್ಕರ್‌ನಲ್ಲಿ ಬೇಯಿಸಬೇಡಿ; ಅಗಲವಾದ ತೆರೆದ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರನ್ನು ಕುದಿಸಿ, ತೊಳೆದ ಬೇಳೆ, ಒಂದು ಚಮಚ ಎಣ್ಣೆ ಮತ್ತು ಚಿಟಿಕೆ ಅರಿಶಿನ ಹಾಕಿ ಮಧ್ಯಮ ಉರಿಯಲ್ಲಿ ಬೇಯಲು ಬಿಡಿ. ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯಿರಿ. ಕುಕ್ಕರ್‌ನಲ್ಲಿ ಬೇಳೆಯ ಹದ ಕಣ್ಣಿಗೆ ಕಾಣುವುದಿಲ್ಲ, ಒಂದು ಸೀಟಿ ಹೆಚ್ಚಾದರೂ ಅದು ಕರಗಿ ಗಂಜಿಯಾಗುತ್ತದೆ. ಹಾಗೆ ನೀರು ಕುಡಿದ ಬೇಳೆಯಿಂದ ಗಟ್ಟಿ ಹೂರಣ ಮಾಡಲು ಗಂಟೆಗಟ್ಟಲೆ ಮಗುಚಬೇಕಾಗುತ್ತದೆ. ನನ್ನ ಮೊದಲ ಹೋಳಿಗೆ ಕೆಟ್ಟಿದ್ದು ಹೀಗೆಯೇ, ಮತ್ತು ಆ ದಿನ ಮನೆಯಲ್ಲಿ ಹದಿನಾಲ್ಕು ಜನ ನೆಂಟರಿದ್ದರು.

ಹದಿನೈದನೆಯ ನಿಮಿಷದಿಂದ ಹದ ನೋಡಲು ಆರಂಭಿಸಿ. ಸೌಟಿನಲ್ಲಿ ನಾಲ್ಕೈದು ಬೇಳೆ ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿರಿ. ಬೇಳೆ ನೋಡಲು ಇಡಿಯಾಗಿಯೇ ಇರಬೇಕು, ಒತ್ತಿದ ಕೂಡಲೇ ಬೆಣ್ಣೆಯಂತೆ ನುಣ್ಣಗೆ ಹರಡಬೇಕು, ನಡುವೆ ಗಟ್ಟಿಯಾದ ಕಣ ಬೆರಳಿಗೆ ತಾಗಬಾರದು. ಒಂದೇ ಬೇಳೆ ನೋಡಿ ನಿರ್ಧರಿಸಬೇಡಿ. ಹಳೆಯ ಮತ್ತು ಹೊಸ ಬೇಳೆ ಬೆರೆತಿದ್ದರೆ ಒಂದು ಬೆಂದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲ. ಸಾಮಾನ್ಯವಾಗಿ 20ರಿಂದ 30 ನಿಮಿಷ ಸಾಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಆದ್ದರಿಂದ ಅಂಥ ಊರುಗಳಲ್ಲಿ ಕುಡಿಯುವ ನೀರನ್ನೇ ಬಳಸಿರಿ.

ಅರೆಬೆಂದ ಬೇಳೆಯನ್ನು ಬೆಲ್ಲದ ಜೊತೆ ಬೇಯಿಸಿಕೊಳ್ಳೋಣ ಎಂದು ಎಂದಿಗೂ ಯೋಚಿಸಬೇಡಿ. ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ, ಆಗ ಉಳಿದ ಗಟ್ಟಿ ಕಣಗಳು ಎಷ್ಟು ರುಬ್ಬಿದರೂ ಮರಳಿನಂತೆ ಉಳಿದು, ತಟ್ಟುವಾಗ ತೆಳ್ಳಗಿನ ಕಣಕವನ್ನು ಒಳಗಿನಿಂದ ಚುಚ್ಚಿ ತೂತು ಮಾಡುತ್ತವೆ.

ಹದ ಬಂದ ಕೂಡಲೇ ಬೇಳೆಯನ್ನು ತೂತಿನ ಪಾತ್ರೆಗೆ ಸುರಿದು ಬಸಿಯಿರಿ. ಕೆಳಗೆ ಇನ್ನೊಂದು ಪಾತ್ರೆಯಿಡುವುದನ್ನು ಮರೆಯಬೇಡಿ, ಏಕೆಂದರೆ ಬಸಿದ ಕಟ್ಟಿನಿಂದಲೇ ನಾಳೆ ಸಾರು. ಬಸಿಯಲು ಪೂರ್ತಿ 20 ನಿಮಿಷ ಕೊಡಿ, ನಡುವೆ ಒಂದೆರಡು ಸಲ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿರಿ. ಕಟ್ಟು ಆರಿದ ಕೂಡಲೇ ಫ್ರಿಜ್ಜಿಗೆ ಸೇರಬೇಕು. ಬೇಸಿಗೆಯ ರಾತ್ರಿಯಲ್ಲಿ ಹೊರಗಿಟ್ಟ ಬೇಳೆಕಟ್ಟು ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ.

ಹಂತ 4: ಹೂರಣದ ಹದ

ಬಸಿದ ಬೇಳೆ ಬೆಚ್ಚಗಿರುವಾಗಲೇ ಬಾಣಲೆಗೆ ಹಾಕಿ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿಡಿ. ಬೆಲ್ಲದಲ್ಲಿ ಮಣ್ಣು, ಮರಳು ಇರುವ ಅನುಮಾನವಿದ್ದರೆ ಮೊದಲು ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ಆ ಹೆಚ್ಚಿನ ನೀರು ಆರಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಬೆಲ್ಲ ಕರಗಿದ ಕೂಡಲೇ ಎಲ್ಲವೂ ನೀರಾಗಿ ಪಾಯಸದಂತೆ ಕಾಣುತ್ತದೆ. ಹೊಸಬರು ಹೆದರುವುದು ಈ ಘಟ್ಟದಲ್ಲಿ, ಮತ್ತು ಹೆದರಿ ಉರಿ ಜೋರು ಮಾಡಿ ತಳ ಹಿಡಿಸುವುದೂ ಇಲ್ಲಿಯೇ. ಉರಿಯನ್ನು ಹಾಗೆಯೇ ಬಿಟ್ಟು ಮಗುಚುತ್ತಿರಿ. 12ರಿಂದ 18 ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತ ಬಂದು, ಮೊದಲು ಸಣ್ಣ ಗುಳ್ಳೆಗಳು ಎದ್ದು ಸಿಡಿಯುತ್ತವೆ, ಆಮೇಲೆ ಸೌಟು ಎಳೆದ ದಾರಿಯಲ್ಲಿ ಬಾಣಲೆಯ ತಳ ಕಾಣಿಸಿ ಎರಡು ಮೂರು ಕ್ಷಣ ಹಾಗೆಯೇ ನಿಲ್ಲುತ್ತದೆ. ಆ ದಾರಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಹದ ಬಂದಿಲ್ಲ. ಮಿಶ್ರಣ ಬಾಣಲೆಯ ಅಂಚನ್ನು ಬಿಟ್ಟು ಒಂದೇ ಮುದ್ದೆಯಾಗಿ ಸರಿಯತೊಡಗಿದಾಗ ತೆಂಗಿನ ತುರಿ ಹಾಕಿ ಎರಡು ನಿಮಿಷ ಮಗುಚಿ ಒಲೆ ಆರಿಸಿ. ಆರಿದ ಮೇಲೆ ಹೂರಣ ಇನ್ನೂ ಒಂದು ಹಂತ ಗಟ್ಟಿಯಾಗುತ್ತದೆ, ಹಾಗಾಗಿ ಬಾಣಲೆಯಲ್ಲಿಯೇ ಉಂಡೆ ಕಟ್ಟುವಷ್ಟು ಗಟ್ಟಿ ಮಾಡಿದರೆ ನಾಳೆ ಅದು ಒಣಗಿ ಬಿರಿಯುತ್ತದೆ.

ಉಗುರುಬೆಚ್ಚಗಾದ ಮೇಲೆ ಏಲಕ್ಕಿ ಸೇರಿಸಿ ನೀರು ಸೋಕಿಸದೆ ರುಬ್ಬಿ. ಒರಳು ಇದ್ದವರು ಅದನ್ನೇ ಬಳಸಲಿ. ಒರಳಿನ ಹೂರಣದ ನುಣುಪು ಬೇರೆಲ್ಲೂ ಸಿಗದು. ಮಿಕ್ಸಿಯಲ್ಲಾದರೆ ಸ್ವಲ್ಪ ಸ್ವಲ್ಪವಾಗಿ, ತಡೆದು ತಡೆದು ತಿರುಗಿಸಿ. ರುಬ್ಬಿದ್ದನ್ನು ಎರಡು ಬೆರಳಿನ ನಡುವೆ ಉಜ್ಜಿದಾಗ ಒರಟು ತಾಗಿದರೆ ಹೂರಣದ ಜಾಲರಿಯಲ್ಲಿ ಒಮ್ಮೆ ಒತ್ತಿ ತೆಗೆಯಿರಿ.

ಹೂರಣ ನೀರಾದರೆ: ಅಗಲ ಬಾಣಲೆಯಲ್ಲಿ ಮತ್ತೆ ಸಣ್ಣ ಉರಿಯಲ್ಲಿ ಆರಿಸುವುದೇ ಸರಿಯಾದ ದಾರಿ. ಹೊತ್ತಿಲ್ಲದಿದ್ದರೆ ನುಣ್ಣಗೆ ಪುಡಿ ಮಾಡಿದ ಹುರಿಗಡಲೆಯನ್ನು ಎರಡು ಮೂರು ಚಮಚದಷ್ಟು ಬೆರೆಸಿ. ಮೈದಾ ಅಥವಾ ಹಸಿ ಕಡಲೆಹಿಟ್ಟನ್ನು ಬೆರೆಸಬೇಡಿ, ಹಸಿ ವಾಸನೆ ಉಳಿಯುತ್ತದೆ.

ಹೂರಣ ಒಣಗಿ ಉದುರಾದರೆ: ಬಿಸಿ ಮಾಡಿದ ಬೇಳೆಕಟ್ಟನ್ನು ಒಂದೊಂದೇ ಚಮಚ ಚಿಮುಕಿಸಿ ನಾದಿರಿ. ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚು ಬಿರಿಯದೆ ಹರಡಿದರೆ ಸರಿಯಾಯಿತು.

ಹಂತ 5: ಕಣಕ ಕಲಸುವುದು ಮತ್ತು ಅದಕ್ಕೆ ಹೊತ್ತು ಕೊಡುವುದು

ಹಬ್ಬದ ದಿನ ಬೆಳಿಗ್ಗೆ ಎದ್ದು ಮಾಡಬೇಕಾದ ಮೊದಲ ಅಡುಗೆ ಕೆಲಸ ಇದು. ಎಲ್ಲವನ್ನೂ ಒಂದೇ ದಿನ ಮಾಡುವವರಾದರೆ ಬೇಳೆಗಿಂತಲೂ ಮೊದಲು ಕಣಕವನ್ನು ಕಲಸಿಡಬೇಕು. ಮೈದಾ, ರವೆ, ಅರಿಶಿನ, ಉಪ್ಪನ್ನು ಬೆರೆಸಿ 150 ಮಿಲಿಲೀಟರ್ ನೀರಿನಿಂದ ಆರಂಭಿಸಿ, ಆಮೇಲೆ ಚಮಚದ ಲೆಕ್ಕದಲ್ಲಿ ಸೇರಿಸುತ್ತ ಹೋಗಿ. ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ನಿಲ್ಲಿಸಬೇಡಿ. ಅದಕ್ಕಿಂತಲೂ ಸಡಿಲವಾಗಿ, ಕೈಗೆ ಸ್ವಲ್ಪ ಅಂಟುವಂತಿರಬೇಕು. ಈಗ ಎರಡು ಚಮಚ ಎಣ್ಣೆ ಹಾಕಿ ಹತ್ತು ನಿಮಿಷ ಬಿಡದೆ ನಾದಿರಿ. ಎಳೆದು, ಮಡಿಸಿ, ಒತ್ತಿ ನಾದಿದಂತೆ ಅಂಟು ಕಡಿಮೆಯಾಗಿ ಹಿಟ್ಟು ನುಣುಪಾಗುತ್ತದೆ. ಉಳಿದ ಎಣ್ಣೆಯನ್ನು ಮೇಲೆ ಸುರಿದು ಮುಚ್ಚಿಡಿ.

ಕಣಕ ಕನಿಷ್ಠ ಎರಡು ಗಂಟೆ, ಸಾಧ್ಯವಾದರೆ ಮೂರು ಗಂಟೆ ಹಾಗೆಯೇ ಇರಬೇಕು. ನಾದಿದಾಗ ಹಿಟ್ಟಿನಲ್ಲಿರುವ ಗ್ಲುಟೆನ್ ರಬ್ಬರಿನಂತೆ ಬಿಗಿಯುತ್ತದೆ. ಆಗಲೇ ತಟ್ಟಿದರೆ ಹಿಗ್ಗಿಸಿದ್ದೆಲ್ಲ ಹಿಂದಕ್ಕೆ ಸರಿಯುತ್ತದೆ, ಬಲವಾಗಿ ಒತ್ತಿದರೆ ಹರಿಯುತ್ತದೆ. ಬಿಟ್ಟರೆ ಆ ಬಿಗಿ ತಾನಾಗಿಯೇ ಸಡಿಲುತ್ತದೆ, ರವೆಯೂ ನೆನೆದು ಹಿಟ್ಟಿನೊಂದಿಗೆ ಒಂದಾಗುತ್ತದೆ. ಅರ್ಧ ಗಂಟೆಗೆ ತೆಗೆದು ತಟ್ಟಿದ ಕಣಕಕ್ಕೂ ಮೂರು ಗಂಟೆ ನೆನೆದ ಕಣಕಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಮೊದಲ ಸ್ಪರ್ಶದಲ್ಲಿಯೇ ತಿಳಿಯುತ್ತದೆ.

ಪರೀಕ್ಷೆ ಸುಲಭ. ನಿಂಬೆಹಣ್ಣಿನ ಗಾತ್ರದ ಕಣಕವನ್ನು ಎರಡೂ ಕೈಗಳಿಂದ ಮೆಲ್ಲಗೆ ಎಳೆಯಿರಿ. ಹಿಂದೆ ಹಿಡಿದ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಾಗಿ ಹಿಗ್ಗಿದರೆ ಮುಂದುವರಿಯಿರಿ. ಪಟ್ಟನೆ ತುಂಡಾದರೆ ಎಣ್ಣೆ ಹಚ್ಚಿದ ಕೈಯಿಂದ ಐದು ನಿಮಿಷ ಮತ್ತೆ ನಾದಿ, ಇನ್ನೊಂದು ಗಂಟೆ ಬಿಡಿ.

ಹಂತ 6: ತುಂಬುವುದು, ತಟ್ಟುವುದು

ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟ ಹೂರಣವನ್ನು ತಟ್ಟುವುದಕ್ಕೆ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡಿ. ಈ ಒಂದು ಮಾತನ್ನು ಮರೆತವರ ಹೋಳಿಗೆ, ಉಳಿದೆಲ್ಲ ಸರಿಯಿದ್ದರೂ ಹರಿಯುತ್ತದೆ. ಹೂರಣದ ಮೆದುತನವೂ ಕಣಕದ ಮೆದುತನವೂ ಹತ್ತಿರ ಹತ್ತಿರ ಇದ್ದರೆ ಮಾತ್ರ ತಟ್ಟುವಾಗ ಎರಡೂ ಒಟ್ಟಿಗೆ ಹರಡುತ್ತವೆ. ತಣ್ಣಗೆ ಗಟ್ಟಿಯಾದ ಹೂರಣ ನಡುವೆ ನಿಂತುಬಿಡುತ್ತದೆ, ಕಣಕ ಮಾತ್ರ ಅಂಚಿಗೆ ಓಡುತ್ತದೆ.

ಹೂರಣವನ್ನೆಲ್ಲ ಮೊದಲೇ ಉಂಡೆ ಕಟ್ಟಿಟ್ಟುಕೊಳ್ಳಿ. ಒಂದೊಂದು ಉಂಡೆ 35 ಗ್ರಾಂ, ಅದಕ್ಕೆ ಕಣಕ 25 ಗ್ರಾಂ. ಕೈ ಪಳಗಿದವರು ಕಣಕದ ಎರಡರಷ್ಟು ಹೂರಣ ತುಂಬುತ್ತಾರೆ, ಆದರೆ ಅದನ್ನು ನೋಡಿ ಮೊದಲ ವರ್ಷವೇ ಪೈಪೋಟಿಗೆ ಇಳಿಯಬೇಡಿ. ಎಣ್ಣೆ ಹಚ್ಚಿದ ಅಂಗೈಯಲ್ಲಿ ಕಣಕವನ್ನು ಹರಡುವಾಗ ನಡುವೆ ಸ್ವಲ್ಪ ದಪ್ಪವಾಗಿಯೂ ಅಂಚಿನಲ್ಲಿ ತೆಳ್ಳಗಾಗಿಯೂ ಇರಲಿ. ಉಂಡೆಯಿಟ್ಟು ಸುತ್ತಲಿನ ಅಂಚನ್ನು ಮೇಲಕ್ಕೆ ತಂದು ಕೂಡಿಸಿ, ಹೆಚ್ಚಾಗಿ ಉಳಿದ ಜುಟ್ಟನ್ನು ಚಿವುಟಿ ತೆಗೆಯಿರಿ. ಅದನ್ನು ಹಾಗೆಯೇ ಒತ್ತಿಬಿಟ್ಟರೆ ಹೋಳಿಗೆಯ ನಡುವೆ ಬೇಯದ ದಪ್ಪ ಹಿಟ್ಟು ಉಳಿಯುತ್ತದೆ.

ಕೂಡಿಸಿದ ಬದಿ ಕೆಳಗಾಗುವಂತೆ ಎಣ್ಣೆ ಸವರಿದ ಬಾಳೆ ಎಲೆಯ ಮೇಲಿಟ್ಟು, ಮೂರು ಬೆರಳುಗಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ, ಎಲೆಯನ್ನು ತಿರುಗಿಸುತ್ತ ತಟ್ಟಿ. ಎಲ್ಲಾದರೂ ಹೂರಣ ಇಣುಕಿದರೆ ಅಲ್ಲಿ ಒತ್ತುವುದನ್ನು ನಿಲ್ಲಿಸಿ, ಚಿಟಿಕೆಯಷ್ಟು ಕಣಕವನ್ನು ಎಣ್ಣೆಯ ಬೆರಳಿನಿಂದ ಮೇಲೆ ಸವರಿ ಮುಚ್ಚಿ. ಮೊದಲ ಎರಡು ಮೂರು ಹೋಳಿಗೆಗಳನ್ನು ಅಂಗೈಯಗಲಕ್ಕಷ್ಟೇ ತಟ್ಟಿ ಬೇಯಿಸಿ ನೋಡಿ, ಆಮೇಲೆ ದೊಡ್ಡದು ಮಾಡಿ.

ಹಂತ 7: ಕಾವಲಿಯ ಮೇಲೆ

ಕಾವಲಿ ಚೆನ್ನಾಗಿ ಕಾದ ಮೇಲೆ ಉರಿಯನ್ನು ಮಧ್ಯಮಕ್ಕೆ ಇಳಿಸಿ. ನೀರಿನ ಹನಿ ಚಿಮುಕಿಸಿದರೆ ಕುಣಿದು ಆರಬೇಕು, ಎಣ್ಣೆ ಹೊಗೆಯಾಡಬಾರದು. ಎಲೆಯನ್ನು ಹೋಳಿಗೆ ಸಮೇತ ಕಾವಲಿಯ ಮೇಲೆ ಮಗುಚಿ, ಹತ್ತು ಕ್ಷಣ ಬಿಟ್ಟು ಎಲೆಯನ್ನು ಒಂದು ಮೂಲೆಯಿಂದ ಮೆಲ್ಲಗೆ ಸುಲಿಯಿರಿ. ಎಳೆಯುವಾಗ ಹೋಳಿಗೆಯೂ ಎದ್ದು ಬಂದರೆ ಇನ್ನೈದು ಕ್ಷಣ ಕಾಯಿರಿ.

ಕೆಳಗಿನ ಮೈ ಗಟ್ಟಿಯಾಗಿ ಕಂದು ಚುಕ್ಕೆ ಮೂಡುವವರೆಗೆ ಮಗುಚಬೇಡಿ. ಹಸಿಯಾಗಿರುವಾಗಲೇ ಮಗುಚುವುದರಿಂದ ಅನೇಕ ಹೋಳಿಗೆಗಳು ಇಲ್ಲಿಯೂ ಹರಿಯುತ್ತವೆ. ಮಗುಚಿದ ಮೇಲೆ ಅಂಚಿಗೆ ತುಪ್ಪ ಬಿಡಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೆಂದರೆ ಹೋಳಿಗೆ ಒಣಗಿ ಹಪ್ಪಳದಂತಾಗುತ್ತದೆ, ಜೋರು ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಿಟ್ಟು ಹಸಿಯಾಗಿರುತ್ತದೆ. ಪ್ರತಿ ಬದಿಗೆ ಒಂದರಿಂದ ಒಂದೂವರೆ ನಿಮಿಷ ಸಾಕು. ಹೂರಣ ಸೋರಿ ಕಾವಲಿಗೆ ಅಂಟಿದರೆ ಒದ್ದೆ ಬಟ್ಟೆಯನ್ನು ಮಗುಚುವ ಕೈಗೆ ಸುತ್ತಿ ತಕ್ಷಣ ಒರೆಸಿ. ಸೀದ ಬೆಲ್ಲದ ಕಹಿ ಮುಂದಿನ ಎಲ್ಲ ಹೋಳಿಗೆಗಳಿಗೂ ಹತ್ತುತ್ತದೆ.

ಈ ಹಂತಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಟ್ಟಿ ಕೊಡಬೇಕು, ಇನ್ನೊಬ್ಬರು ಬೇಯಿಸಬೇಕು. ಒಬ್ಬರೇ ಎರಡನ್ನೂ ಮಾಡಲು ಹೋದಾಗ ತಟ್ಟುವಷ್ಟರಲ್ಲಿ ಕಾವಲಿ ಮಿತಿಮೀರಿ ಕಾಯುತ್ತದೆ, ಬೇಯಿಸುವಷ್ಟರಲ್ಲಿ ತಟ್ಟಿದ್ದು ಎಲೆಗೆ ಅಂಟುತ್ತದೆ. ಹಬ್ಬದ ದಿನ ಅಮ್ಮನೊಬ್ಬಳನ್ನೇ ಒಲೆಯ ಮುಂದೆ ನಿಲ್ಲಿಸಿ ಉಳಿದವರೆಲ್ಲ ಹೊರಗೆ ಕೂರುವ ಅಭ್ಯಾಸವಿರುವ ಮನೆಗಳಲ್ಲಿ ಈ ಕೆಲಸವನ್ನು ಗಂಡಸರಿಗೂ ಮಕ್ಕಳಿಗೂ ಹಂಚಬೇಕೆಂದು ನಾನು ಒತ್ತಿ ಹೇಳುತ್ತೇನೆ. ಉಂಡೆ ಕಟ್ಟುವ ಕೆಲಸವನ್ನು ಎಂಟು ವರ್ಷದ ಮಗುವೂ ಚೆನ್ನಾಗಿ ಮಾಡಬಲ್ಲದು. ಕಾವಲಿಯ ಹತ್ತಿರ ಮಾತ್ರ ಬೇಡ.

ಹಂತ 8: ಹೋಳಿಗೆ ಸಾರು

ಕಣಕ ನೆನೆಯುತ್ತಿರುವ ಹೊತ್ತಿನಲ್ಲಿ ಸಾರನ್ನು ಮುಗಿಸಿಕೊಳ್ಳಿ. ಬೇಳೆಕಟ್ಟಿಗೆ ಸಣ್ಣ ನಿಂಬೆಯ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಎರಡು ಚಮಚ ಸಾರಿನ ಪುಡಿ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಕಾಲು ಬಟ್ಟಲು ತೆಂಗಿನ ತುರಿ ಮತ್ತು ಎರಡು ದೊಡ್ಡ ಚಮಚ ಹೂರಣವನ್ನು ನುಣ್ಣಗೆ ರುಬ್ಬಿ ಸೇರಿಸಿ, ಒಂದು ಕುದಿ ಬಂದ ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಡಿ. ಸಾರು ತೆಳುವಾಗಿಯೇ ಇರಲಿ. ಹೂರಣ ಹೆಚ್ಚಾಗಿ ಬಿದ್ದು ಸಿಹಿ ಮುಂದಾದರೆ ಹುಣಸೆ ರಸದಿಂದ ಸರಿಪಡಿಸಿ, ಮೇಲೆ ಖಾರದ ಪುಡಿ ಉದುರಿಸಬೇಡಿ.

ಹಂತ 9: ಹಬ್ಬದ ದಿನದ ವೇಳೆ

ಒಂದು ಗಂಟೆಗೆ ಊಟವೆಂದಾದರೆ ಏಳಕ್ಕೆ ಕಣಕ, ಎಂಟಕ್ಕೆ ಕೋಸಂಬರಿಯ ಹೆಸರುಬೇಳೆ ನೆನೆಹಾಕುವುದು, ಒಂಬತ್ತಕ್ಕೆ ಸಾರು ಮತ್ತು ಪಲ್ಯ, ಹತ್ತೂವರೆಗೆ ಹೋಳಿಗೆ ಆರಂಭ. 20 ಹೋಳಿಗೆಗೆ ಇಬ್ಬರಿದ್ದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅನ್ನಕ್ಕೆ ಹನ್ನೆರಡಕ್ಕೆ ಇಟ್ಟು, ಮಾವಿನಕಾಯಿ ಚಿತ್ರಾನ್ನಕ್ಕೆ ಬೇಕಾದಷ್ಟನ್ನು ಹರಡಿ ಆರಿಸಿ. ಕೋಸಂಬರಿಗೆ ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ಮುನ್ನವಷ್ಟೇ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲೆಯ ತುಂಬ ಹರಿಯುತ್ತದೆ. ಎಲೆಯ ತುದಿ ಉಣ್ಣುವವರ ಎಡಕ್ಕಿರಲಿ. ಹೋಳಿಗೆಯನ್ನು ಬಡಿಸಿದ ಮೇಲೆಯೇ ತುಪ್ಪವನ್ನೋ ಬಿಸಿ ಹಾಲನ್ನೋ ಹಾಕಿ.

ಚಿತ್ರ ತೆಗೆಯುವವರು ಮೊದಲ ಎಲೆಯದನ್ನು ತೆಗೆದು ಫೋನನ್ನು ಬದಿಗಿಡಲಿ. ಎಲ್ಲ ಕೋನಗಳಿಂದ ತೆಗೆದು ಮುಗಿಸುವಷ್ಟರಲ್ಲಿ ಹೋಳಿಗೆ ಆರಿ ತುಪ್ಪ ಹೆಪ್ಪುಗಟ್ಟುತ್ತದೆ, ಹಸಿದ ಹಿರಿಯರು ಕಾಯುತ್ತಿರುತ್ತಾರೆ.

ಉಳಿದ ಹೋಳಿಗೆ

ಬಿಸಿ ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಆವಿಗೆ ಒದ್ದೆಯಾಗಿ ಅಂಟಿಕೊಳ್ಳುತ್ತವೆ. ಅಗಲವಾದ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಆರಿದ ಮೇಲೆ ಮಡಿಸಿ ಡಬ್ಬಿಗೆ ತುಂಬಿ. ಬೇಸಿಗೆಯಲ್ಲಿ ಹೊರಗಿಟ್ಟದ್ದನ್ನು ಮರುದಿನದೊಳಗೆ ತಿಂದು ಮುಗಿಸಿ. ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ಮುರಿದಾಗ ಹೂರಣ ನೂಲಿನಂತೆ ಎಳೆ ಬಂದರೆ ಅಥವಾ ಹುಳಿ ವಾಸನೆ ಬಂದರೆ ಎಸೆಯಿರಿ. ಬಿಸಿ ಮಾಡಲು ಮೈಕ್ರೋವೇವ್‌ಗಿಂತ ಕಾವಲಿಯೇ ಉತ್ತಮ. ಎರಡೂ ಬದಿ ತುಪ್ಪ ಸವರಿ ಸಣ್ಣ ಉರಿಯಲ್ಲಿ ಅರ್ಧರ್ಧ ನಿಮಿಷ ಇಟ್ಟರೆ ಸಾಕು.